ಹಳೇ ಕಂಬದ ಹಿಂದಿನ ಕಥೆ: ಬರ್ಮಾ ಕಾಡಿನಿಂದ ನಮ್ಮ ಫ್ಲಾಟಿನವರೆಗೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಎಂದಿನಂತೆ ಮಾತನ್ನು ಸ್ವಲ್ಪ ತಿದ್ದಿ ಇಲ್ಲಿ ಕೊಟ್ಟಿದ್ದೀನಿ. ಇವತ್ತಿನ ವಿಷಯ ಒಂದು ಮರದ ಕಂಬ.

ಈಚೆಗೆ ಯಾರದಾದರೂ ಹೊಸ ಫ್ಲಾಟಿನ ಗೃಹಪ್ರವೇಶಕ್ಕೆ ಹೋದರೆ ಹಳೇ ಸಾಮಾನೊಂದು ಕಣ್ಣಿಗೆ ಬಿದ್ದೇ ಬೀಳುತ್ತೆ. ಹಳೇ ಬಾಗಿಲ ಮೇಲೆ ಗಾಜು ಹಾಕಿ ಮಾಡಿದ ಊಟದ ಮೇಜು, ಹಳೇ ಕಿಟಕಿಯ ಚೌಕಟ್ಟಿಗೆ ಕೂರಿಸಿದ ಕನ್ನಡಿ, ಟಿವಿಯ ಎರಡೂ ಬದಿಗೆ ನಿಲ್ಲಿಸಿದ ಕೆತ್ತನೆ ಕಂಬ. ಕೇಳಿದರೆ ಹೆಚ್ಚುಕಮ್ಮಿ ಒಂದೇ ಉತ್ತರ: "ಒರಿಜಿನಲ್ ಬರ್ಮಾ ಟೀಕ್, ಕಾರೈಕುಡಿ ಪೀಸು, ನೂರು ವರ್ಷ ಹಳೇದು."

ಈ ಒಂದು ಸಾಲಿನಲ್ಲಿ ಮೂರು ಪ್ರಶ್ನೆ ಅಡಗಿವೆ. ಮರ ಬರ್ಮಾದ್ದೇ ಯಾಕೆ, ನಮ್ಮಲ್ಲಿ ಕಾಡಿರಲಿಲ್ವಾ? ಕಡಲಾಚೆಯ ಮರ ತಮಿಳುನಾಡಿನ ಒಣ ಬಯಲಿಗೆ ಹೇಗೆ ಬಂತು? ಯಾರದೋ ಮನೆಯ ಸೂರು ಹೊತ್ತಿದ್ದ ಕಂಬ ಅಂಗಡಿಗೆ ಯಾಕೆ ಬಂತು? ಉತ್ತರ ಹುಡುಕುತ್ತಾ ಹೋದರೆ ಒಂದು ಯುದ್ಧ ಸಿಗುತ್ತೆ, ಒಂದು ಲೇವಾದೇವಿ ಜಾಲ ಸಿಗುತ್ತೆ, ಒಂದು ಭೂಸುಧಾರಣೆ ಕಾನೂನು ಸಿಗುತ್ತೆ. ಕೊನೆಗೆ ನಮ್ಮೂರಿನಲ್ಲಿ ಬೀಗ ಹಾಕಿರೋ ಮನೆಯೂ ಸಿಗುತ್ತೆ.

ಪದ ಹೊಸದು, ಕೆಲಸ ಹಳೇದು

'ಅಪ್‌ಸೈಕ್ಲಿಂಗ್' ಅನ್ನೋ ಪದಕ್ಕೆ ವಯಸ್ಸು ಕಮ್ಮಿ. 1994ರಲ್ಲಿ 'ಸಾಲ್ವೋ' ಅನ್ನೋ ಪತ್ರಿಕೆಯಲ್ಲಿ ರೈನರ್ ಪಿಲ್ಟ್ಸ್ ಎಂಬ ಜರ್ಮನ್ ಇಂಜಿನಿಯರ್ ಆಡಿದ ಮಾತಿನಿಂದ ಅದು ಹೆಸರಾಯ್ತು. ಆ ಪತ್ರಿಕೆ ಇದ್ದದ್ದೇ ಕೆಡವಿದ ಕಟ್ಟಡಗಳ ಸಾಮಾನಿನ ವ್ಯಾಪಾರಕ್ಕೆ. ಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡಿ ಅದನ್ನು ಮರುಬಳಕೆ ಅಂತ ಕರೆಯೋದು ವಸ್ತುವಿನ ಬೆಲೆ ಇಳಿಸಿದ ಹಾಗೆ, ನಮಗೆ ಬೇಕಾದ್ದು ಬೆಲೆ ಏರಿಸುವ ಮರುಬಳಕೆ ಅನ್ನೋದು ಅವರ ವಾದ.

ನಮ್ಮಲ್ಲಿ ಇದಕ್ಕೆ ಬೇರೆ ಹೆಸರು ಬೇಕಿರಲಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹರಿದ ಸೀರೆ, ಧೋತರ, ಕುಪ್ಪಸ ಎಲ್ಲ ಸೇರಿ ಕೌದಿ ಆಗ್ತಿತ್ತು. ಮನೆ ಕಟ್ಟೋದರಲ್ಲೂ ಅದೇ ಬುದ್ಧಿ. ಹಳೇ ಮರದ ಮನೆಯ ಕಟ್ಟೋಣ ನೋಡಿ: ಕಂಬದ ಮೇಲೆ ಬೋದಿಗೆ, ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಜಂತೆ. ಒಂದರ ತುದಿ ಇನ್ನೊಂದರ ತೂತಿನೊಳಗೆ ಕೂರುತ್ತೆ, ಬಿಗಿ ಮಾಡೋಕೆ ಮರದ ಬೆಣೆ. ಬೆಣೆ ತೆಗೆದರೆ ಮನೆ ಬಿಡಿಬಿಡಿಯಾಗಿ ಕೆಳಗಿಳಿಯುತ್ತೆ, ಬೇಕಾದರೆ ಇನ್ನೊಂದು ಕಡೆ ಮತ್ತೆ ಎದ್ದು ನಿಲ್ಲುತ್ತೆ. ನಮ್ಮ ಆಫೀಸಿನ ಮಾತಲ್ಲಿ ಹೇಳೋದಾದರೆ ಪಕ್ಕಾ ಮಾಡ್ಯುಲರ್ ಡಿಸೈನ್. ಇವತ್ತು ನಾವು 'ಮಾಡ್ಯುಲರ್ ಕಿಚನ್' ಅಂತ ಹಾಕಿಸೋ ಅಂಟು ಹಲಗೆಯ ಕಪಾಟನ್ನು ಒಂದು ಸಲ ಬಿಚ್ಚಿ ಮತ್ತೆ ಜೋಡಿಸಿ ನೋಡಿ, ಯಾವುದು ಮಾಡ್ಯುಲರ್ ಅಂತ ಗೊತ್ತಾಗುತ್ತೆ.

ಹೀಗೆ ಬಿಚ್ಚೋಕೆ ಬರ್ತಿತ್ತು ಅನ್ನೋ ಕಾರಣಕ್ಕೇ ಆ ಮನೆಗಳು ಉಳಿದವು. ಅದೇ ಕಾರಣಕ್ಕೆ ಅವು ಚೂರುಚೂರಾಗಿ ಮಾರಾಟವೂ ಆದವು.

ಕಾಡಿಗಾಗಿ ನಡೆದ ಯುದ್ಧ

ತೇಗದಲ್ಲಿ ಸಹಜವಾಗಿಯೇ ಎಣ್ಣೆಯ ಅಂಶ ಇದೆ. ಗೆದ್ದಲು ಹತ್ತಿರ ಸುಳಿಯೋದು ಕಷ್ಟ, ನೀರಿಗೂ ಬಿಸಿಲಿಗೂ ಬೇಗ ಸೊಟ್ಟಗಾಗಲ್ಲ. ಹಾಗಾಗಿ ಅದು ಮೊದಲು ಹಡಗಿನ ಮರ, ಆಮೇಲೆ ಮನೆಯ ಮರ. ಯುರೋಪಿನಲ್ಲಿ ಓಕ್ ಮರ ಕಮ್ಮಿಯಾಗ್ತಿದ್ದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಗೆ ಬಾಂಬೆಯ ವಾಡಿಯಾ ಮನೆತನದವರು ತೇಗದ ಹಡಗು ಕಟ್ಟಿಕೊಟ್ಟರು. 1817ರಲ್ಲಿ ಮಲಬಾರ್ ತೇಗದಿಂದ ಕಟ್ಟಿದ 'ಟ್ರಿಂಕೋಮಲಿ' ಅನ್ನೋ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲೆ ನಿಂತಿದೆ.

ಆದರೆ ಮಲಬಾರಿನ ಕಾಡು ಎಷ್ಟು ದಿನ ಬಂದೀತು? 1840ರ ದಶಕದ ಹೊತ್ತಿಗೆ ಕಲೆಕ್ಟರ್ ಕಾನೊಲಿ ನಿಲಂಬೂರಿನಲ್ಲಿ ತೇಗ ನೆಡಿಸೋ ಪರಿಸ್ಥಿತಿ ಬಂದಿತ್ತು. ನೆಟ್ಟ ಮರ ಕೈಗೆ ಬರೋಕೆ ಒಂದೆರಡು ತಲೆಮಾರು ಬೇಕು. ಅಷ್ಟರೊಳಗೆ ಕಣ್ಣು ಪೂರ್ವಕ್ಕೆ ಹೊರಳಿತ್ತು. 1826ರಲ್ಲಿ ತೆನಸೆರಿಮ್ ಬ್ರಿಟಿಷರ ಪಾಲಾಗಿತ್ತು, 1852ರ ಯುದ್ಧದಲ್ಲಿ ಇಡೀ ಕೆಳ ಬರ್ಮಾ ಸೇರಿತು.

ಉಳಿದ ಮೇಲಿನ ಬರ್ಮಾದ ಕಥೆಯಂತೂ ನೇರವಾಗಿ ಮರದ ಕಥೆಯೇ. 1863ರಲ್ಲಿ ಶುರುವಾದ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ ಅನ್ನೋ ಕಂಪನಿ ಮಾಂಡಲೆಯ ರಾಜನಿಂದ ಕಾಡಿನ ಗುತ್ತಿಗೆ ಹಿಡಿದಿತ್ತು. ಕಡಿದಿದ್ದು ಹೆಚ್ಚು, ಲೆಕ್ಕ ಕೊಟ್ಟಿದ್ದು ಕಮ್ಮಿ ಅಂತ 1885ರಲ್ಲಿ ರಾಜನ ಆಸ್ಥಾನ ಸುಮಾರು 23 ಲಕ್ಷ ರೂಪಾಯಿ ದಂಡ ಹಾಕಿತು. ಫ್ರೆಂಚರು ಅಲ್ಲಿ ಕಾಲೂರಬಹುದು ಅನ್ನೋ ಭಯ ಬ್ರಿಟಿಷರಿಗೆ ಮೊದಲೇ ಇತ್ತು, ಈ ದಂಡ ನೆಪವಾಯ್ತು. ನವೆಂಬರ್‌ನಲ್ಲಿ ಸೈನ್ಯ ಐರಾವತಿ ನದಿ ಹತ್ತಿ ಹೋಯಿತು, ತಿಂಗಳು ಮುಗಿಯೋದರೊಳಗೆ ಮಾಂಡಲೆ ಬಿತ್ತು. 1886ರ ಜನವರಿ 1ಕ್ಕೆ ಮೇಲಿನ ಬರ್ಮಾವನ್ನೂ ಸಾಮ್ರಾಜ್ಯಕ್ಕೆ ಸೇರಿಸಿಕೊಂಡಾಯ್ತು.

ಕೊನೆಯ ರಾಜ ತಿಬಾ ಎಲ್ಲಿಗೆ ಹೋದ ಗೊತ್ತಾ? ಕೆಲ ತಿಂಗಳು ಮದ್ರಾಸಿನಲ್ಲಿ ಇಟ್ಟು ಆಮೇಲೆ ರತ್ನಾಗಿರಿಗೆ ಕಳಿಸಿದರು. ಅಲ್ಲೇ ಸುಮಾರು 30 ವರ್ಷ ಕಳೆದು 1916ರಲ್ಲಿ ತೀರಿಕೊಂಡ. ಪುಣೆ, ಮುಂಬೈನವರು ಕೊಂಕಣದ ಕಡೆ ಹೋದಾಗ ತಿಬಾ ಅರಮನೆ ನೋಡಿಬನ್ನಿ. ಆ ಕಂಪನಿ ಮಾತ್ರ ಇವತ್ತಿಗೂ ಶೇರುಪೇಟೆಯಲ್ಲಿದೆ.

ಮರ ತರೋ ಕೆಲಸವೂ ತಾಳ್ಮೆಯದ್ದು. ಹಸಿ ತೇಗ ನೀರಲ್ಲಿ ತೇಲಲ್ಲ. ಹಾಗಾಗಿ ನಿಂತ ಮರದ ಬುಡದಲ್ಲಿ ಸುತ್ತ ತೊಗಟೆ ಮತ್ತು ಹೊರಮರ ಕೆತ್ತಿ ಬಿಡ್ತಿದ್ದರು. ಎರಡು ಮೂರು ವರ್ಷ ಮರ ನಿಂತಲ್ಲೇ ಸತ್ತು ಒಣಗಬೇಕು. ಆಮೇಲೆ ಕಡಿದು, ಆನೆಯಿಂದ ಹಳ್ಳಕ್ಕೆ ಎಳೆಸಿ, ಮಳೆಗಾಲದ ನೆರೆಗೆ ಕಾಯಬೇಕು. ನೆರೆ ಅದನ್ನು ದೊಡ್ಡ ನದಿಗೆ ತಳ್ಳಿದ ಮೇಲೆ ತೆಪ್ಪ ಕಟ್ಟಿ ರಂಗೂನಿಗೆ ತೇಲಿಸಬೇಕು. ಕೊಡಲಿ ತಾಗಿದ ದಿನದಿಂದ ಬಂದರು ಸೇರೋವರೆಗೆ ಹಲವು ವರ್ಷ ಹಿಡೀತಿತ್ತು. ಹಳೇ ಬರ್ಮಾ ತೇಗ ಇವತ್ತಿಗೂ ನೆಟ್ಟಗೆ ನಿಂತಿರೋದಕ್ಕೆ ಈ ನಿಧಾನವೂ ಒಂದು ಕಾರಣ.

ಹೊರಗೆ ದುಡಿದು ಊರಲ್ಲಿ ಕಟ್ಟಿದವರು

ಈಗ ಕಾರೈಕುಡಿಗೆ ಬರೋಣ. ಶಿವಗಂಗೆ, ಪುದುಕ್ಕೋಟೈ ಜಿಲ್ಲೆಗಳಲ್ಲಿ ಹರಡಿರೋ ಚೆಟ್ಟಿನಾಡಿನಲ್ಲಿ ನದಿ ಇಲ್ಲ, ಕಾಡಿಲ್ಲ, ಬೇಸಾಯವೂ ಅಷ್ಟಕ್ಕಷ್ಟೆ. ಅಲ್ಲಿನ ನಾಟುಕೋಟೈ ಚೆಟ್ಟಿಯಾರರು ಲೇವಾದೇವಿ ಜನ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಯುರೋಪಿಗೆ ದಾರಿ ಹತ್ತಿರವಾದ ಮೇಲೆ ಬರ್ಮಾದ ಅಕ್ಕಿಗೆ ಬೇಡಿಕೆ ಏರಿತು. ಐರಾವತಿಯ ಮುಖಜ ಭೂಮಿಯಲ್ಲಿ ಕಾಡು, ಜೌಗು ಕಡಿದು ಗದ್ದೆ ಮಾಡೋಕೆ ರೈತನಿಗೆ ಸಾಲ ಬೇಕಿತ್ತು. ದೊಡ್ಡ ಬ್ಯಾಂಕುಗಳು ಆ ಕಡೆ ತಲೆ ಹಾಕಲಿಲ್ಲ, ಚೆಟ್ಟಿಯಾರರು ಹೋದರು. 1930ರ ಸುಮಾರಿಗೆ ಬರ್ಮಾದಲ್ಲಿ ಅವರ ಸುಮಾರು 1,650 ಅಂಗಡಿಗಳಿದ್ದವು.

ಅವರ ಪದ್ಧತಿ ನಮಗೆಲ್ಲ ಚೆನ್ನಾಗಿ ಅರ್ಥ ಆಗುತ್ತೆ. ಹುಡುಗ ಏಜೆಂಟ್ ಆಗಿ ಮೂರು ವರ್ಷ ರಂಗೂನಿಗೋ ಒಳನಾಡಿನ ಊರಿಗೋ ಹೋಗೋದು. ಹೆಂಡತಿ, ಮಕ್ಕಳು ಊರಲ್ಲೇ. ಅವಧಿ ಮುಗಿಸಿ ಬಂದು ಸ್ವಲ್ಪ ದಿನ ಇದ್ದು ಮತ್ತೆ ಹೋಗೋದು. ಆನ್‌ಸೈಟ್ ಅನ್ನೋ ಪದ ಹುಟ್ಟೋ ಮುಂಚಿನ ಆನ್‌ಸೈಟ್. ದುಡಿದ ದುಡ್ಡೆಲ್ಲ ಊರಿನ ಮನೆಗೆ. ಒಂದು ಬೀದಿಯಲ್ಲಿ ತಲೆಬಾಗಿಲು, ಹಿಂದಿನ ಬೀದಿಯಲ್ಲಿ ಹಿತ್ತಿಲ ಬಾಗಿಲು, ನಡುವೆ ಸಾಲಾಗಿ ತೊಟ್ಟಿಗಳು. ತೊಟ್ಟಿಯ ಸುತ್ತ ಮದುವೆಯಾದ ಒಬ್ಬೊಬ್ಬ ಮಗನಿಗೂ ಒಂದೊಂದು ಕೋಣೆ. ನೆಲಕ್ಕೆ ಪಕ್ಕದ ಆತ್ತಂಗುಡಿಯಲ್ಲಿ ಗಾಜಿನ ಮೇಲೆ ಎರಕ ಹೊಯ್ದ ಬಣ್ಣದ ಹಾಸು, ಗೋಡೆಗೆ ಮೊಟ್ಟೆಯ ಬಿಳಿ ಸೇರಿಸಿ ಉಜ್ಜಿದ ಸುಣ್ಣದ ಗಾರೆ, ಮೇಲಕ್ಕೆ ಬರ್ಮಾ ತೇಗ. ಹೆಚ್ಚಿನ ಮನೆಗಳು 1850ರಿಂದ 1940ರ ನಡುವೆ ಎದ್ದವು.

ಈ ಕಥೆಯ ಇನ್ನೊಂದು ಮಗ್ಗುಲು ನೋಡದಿದ್ದರೆ ಅನ್ಯಾಯ ಆಗುತ್ತೆ. 1930ರಲ್ಲಿ ಅಕ್ಕಿಯ ಬೆಲೆ ಕುಸಿಯಿತು. ಸಾಲ ತೀರಿಸೋಕಾಗದ ಬರ್ಮೀ ರೈತರ ಗದ್ದೆಗಳು ಒಂದೊಂದಾಗಿ ಸಾಲ ಕೊಟ್ಟವರ ಹೆಸರಿಗಾದವು. ಕೆಳ ಬರ್ಮಾದ 13 ಮುಖ್ಯ ಭತ್ತದ ಜಿಲ್ಲೆಗಳಲ್ಲಿ ಚೆಟ್ಟಿಯಾರರ ಕೈಲಿದ್ದ ಜಮೀನು 1930ರಲ್ಲಿ ಶೇ 6ರಷ್ಟಿತ್ತು, 1938ಕ್ಕೆ ಅದು ಶೇ 25ರಷ್ಟಾಯ್ತು. ಅವರು ಬಯಸಿದ್ದು ಜಮೀನಲ್ಲ, ನಗದು. ಆದರೆ ಗದ್ದೆ ಕಳಕೊಂಡ ರೈತನಿಗೆ ಆ ವ್ಯತ್ಯಾಸ ಯಾವ ಸಮಾಧಾನ ಕೊಡುತ್ತೆ? ನಮ್ಮ ಟಿವಿ ಪಕ್ಕದ ಕಂಬದಲ್ಲಿ ಆಚಾರಿಯ ಉಳಿಯ ಗುರುತಿನ ಜೊತೆ ಈ ಲೆಕ್ಕವೂ ಇದೆ.

ಕಂಬ ಅಂಗಡಿಗೆ ಬಂದಿದ್ದು

1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ಕೈಗೆ ಬಿತ್ತು. ಲಕ್ಷಗಟ್ಟಲೆ ಭಾರತೀಯರು ಬರ್ಮಾ ಬಿಟ್ಟರು, ಬಹಳ ಜನ ಕಾಡು ಬೆಟ್ಟ ಹತ್ತಿಳಿದು ನಡೆದೇ ಬಂದರು, ದಾರಿಯಲ್ಲೇ ಸತ್ತವರೂ ಬಹಳ. ಯುದ್ಧ ಮುಗಿದ ಮೇಲೆ 1948ರಲ್ಲಿ ಸ್ವತಂತ್ರ ಬರ್ಮಾ ಜಮೀನು ರಾಷ್ಟ್ರೀಕರಣದ ಕಾನೂನು ತಂದಿತು. 1962ರಲ್ಲಿ ನೆ ವಿನ್ ಅಧಿಕಾರ ಹಿಡಿದ ಮೇಲೆ ಬ್ಯಾಂಕು, ಅಂಗಡಿಗಳೂ ಸರ್ಕಾರದ್ದಾದವು. ಚೆಟ್ಟಿನಾಡಿಗೆ ಹಣ ಬರ್ತಿದ್ದ ಕಾಲುವೆ ಬತ್ತಿತು.

ಮನೆ ಮಾತ್ರ ಹಾಗೇ ದೊಡ್ಡದಾಗಿ ನಿಂತಿತ್ತು. ಸುಣ್ಣಕ್ಕೆ, ಹಂಚಿಗೆ, ಕಾವಲಿಗೆ ಖರ್ಚು ಯಾರು ಹಾಕಬೇಕು? ಎರಡು ತಲೆಮಾರು ಕಳೆಯೋದರೊಳಗೆ ಒಂದು ಮನೆಗೆ ಹತ್ತಾರು ಪಾಲುದಾರರು. ಒಬ್ಬರು ಚೆನ್ನೈ, ಒಬ್ಬರು ಸಿಂಗಪುರ, ಒಬ್ಬರು ಅಮೆರಿಕ. ರಿಪೇರಿಗೆ ಎಲ್ಲರೂ ಒಪ್ಪಬೇಕು, ಯಾರೂ ಒಪ್ಪಲ್ಲ. ಮಾರೋ ಮಾತು ಬಂದರೆ ಎಲ್ಲರೂ ಒಪ್ತಾರೆ. ಹಳ್ಳಿಯಲ್ಲಿ ಅಷ್ಟು ದೊಡ್ಡ ಮನೆ ಇಡಿಯಾಗಿ ಕೊಳ್ಳೋರು ಯಾರೂ ಇಲ್ಲ, ಬಿಡಿ ಕಂಬಕ್ಕೆ, ಬಾಗಿಲಿಗೆ, ತೊಲೆಗೆ ಮಾತ್ರ ಒಳ್ಳೇ ಬೆಲೆ. ಇಡೀ ಮನೆಗಿಂತ ಬಿಡಿ ತುಂಡುಗಳ ಬೆಲೆ ಹೆಚ್ಚಾದ ದಿನವೇ ಆ ಮನೆಯ ಆಯಸ್ಸು ಮುಗೀತು ಅಂತ ಲೆಕ್ಕ. ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯ ಹಳೇ ಸಾಮಾನಿನ ಅಂಗಡಿಗಳು ಬೆಳೆದದ್ದು ಹೀಗೆ.

ನಮ್ಮ ಕರಾವಳಿಯ 1974

ಇದೇ ಲೆಕ್ಕ ನಮ್ಮಲ್ಲೂ ನಡೆದಿದೆ, ಕಾರಣ ಬೇರೆ. ದಕ್ಷಿಣ ಕನ್ನಡ, ಉಡುಪಿಯ ಗುತ್ತಿನ ಮನೆ, ಚೌಕಿ ಮನೆಗಳು ನಿಂತಿದ್ದು ಗೇಣಿ ಅಕ್ಕಿಯ ಮೇಲೆ, ಕೂಡು ಕುಟುಂಬದ ಮೇಲೆ. 1949ರ ಅಳಿಯಸಂತಾನ ಕಾಯ್ದೆ ಕುಟುಂಬದ ಪಾಲು ಪಟ್ಟಿಗೆ ದಾರಿ ಮಾಡಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದ. ಸಾವಿರಾರು ಒಕ್ಕಲು ಮನೆಗಳಿಗೆ ಅದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೇಣಿ ನಿಂತ ಮೇಲೆ ಆ ದೊಡ್ಡ ಚಾವಡಿಗಳನ್ನು ಸಾಕೋದು ಆಗಲಿಲ್ಲ. ಮುಚ್ಚಿಗೆಯ ಹಲಗೆ, ಹಲಸಿನ ಕಂಬ, ಕೆತ್ತನೆಯ ದಾರಂದ ಇವೆಲ್ಲ ಸೌದೆ ಬೆಲೆಗೂ ಹೋದವು.

ಆ ಹೊತ್ತಿಗೆ ಮಣಿಪಾಲದಲ್ಲಿ ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು ಕೆಡವೋ ಮನೆಗಳ ಜಾಡು ಹಿಡಿದು ಓಡಾಡೋಕೆ ಶುರು ಮಾಡಿದರು. ಮೊದಲು ಹಾಗೆ ಸಿಕ್ಕ ಭಾಗಗಳಿಂದ ತಮ್ಮದೇ ಮನೆ 'ಹಸ್ತಶಿಲ್ಪ' ಕಟ್ಟಿದರು. ಆಮೇಲೆ ತುಂಡು ತರೋದು ಸಾಲದು, ಇಡೀ ಮನೆಯನ್ನೇ ತರಬೇಕು ಅನ್ನೋ ಹಂತಕ್ಕೆ ಬಂದರು. ಕುಂಜೂರು ಚೌಕಿ ಮನೆ, ಹರ್ಕೂರು ಮನೆ, ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್ ಹೀಗೆ ಒಂದೊಂದನ್ನೂ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಅವರು 2017ರಲ್ಲಿ ತೀರಿಕೊಂಡರು. ಊರಿಗೆ ಹೋದಾಗ ಆ ಹೆರಿಟೇಜ್ ವಿಲೇಜ್‌ಗೆ ಅರ್ಧ ದಿನ ಇಟ್ಟುಕೊಳ್ಳಿ.

ಚೆನ್ನೈನವರಿಗೆ ಇಂಥದ್ದೇ ಜಾಗ ಹತ್ತಿರದಲ್ಲೇ ಇದೆ. ಮುತ್ತುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಚೆಟ್ಟಿನಾಡಿನ ಮನೆಯೂ ಇದೆ, ನಮ್ಮ ಇಳಕಲ್ ನೇಕಾರರ ಮನೆಯೂ ಇದೆ, ಚಿಕ್ಕಮಗಳೂರಿನ ಮುಸ್ಲಿಂ ಕುಟುಂಬದ ಮನೆಯೂ ಇದೆ. ಪುಣೆಯವರು ಕೇಳ್ಕರ್ ಮ್ಯೂಸಿಯಂಗೆ ಹೋಗಿ: ಕೋಥ್ರೂಡ್‌ನಲ್ಲಿದ್ದ ಮಸ್ತಾನಿ ಮಹಲ್‌ನ ಉಳಿದ ಭಾಗಗಳನ್ನು ಅಲ್ಲಿ ಮತ್ತೆ ಜೋಡಿಸಿದ್ದಾರೆ. ಕೋಣೆಯ ಅಗಲ, ತೊಲೆಯ ಎತ್ತರ, ಬೆಳಕು ಬೀಳೋ ರೀತಿ ಇವೆಲ್ಲ ಗೊತ್ತಾಗೋದು ಮನೆ ಇಡಿಯಾಗಿದ್ದಾಗ. ಒಂಟಿ ಕಂಬ ಅದನ್ನು ಹೇಳಲ್ಲ.

ಹಾಗಂತ ಒಂಟಿ ಕಂಬ ಕೊಳ್ಳೋದು ತಪ್ಪು ಅಂತ ಅಲ್ಲ. ಬಿದ್ದೇ ಹೋದ ಮನೆಯ ಕಂಬ ಒಲೆಗೆ ಹೋಗೋದಕ್ಕಿಂತ ನಿಮ್ಮ ಮನೆಯಲ್ಲಿ ನಿಲ್ಲೋದು ನೂರು ಪಾಲು ವಾಸಿ. ಜೊತೆಗೆ ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತು ನಿಲ್ಲಿಸಿದ ಮೇಲೆ ಹಳೇ ತೇಗಕ್ಕೆ ಬೇಡಿಕೆ ಇನ್ನಷ್ಟು ಇದೆ. ಒಂದು ಹಳೇ ತೊಲೆ ಬಳಸಿದರೆ ಎಲ್ಲೋ ಒಂದು ಮರ ನಿಂತಿರುತ್ತೆ. ಪ್ರಶ್ನೆ ಇರೋದು ಮನೆ ಬಿದ್ದಿದ್ದಕ್ಕೆ ಕಂಬ ಬಂತಾ, ಕಂಬ ಬೇಕು ಅಂತ ಮನೆ ಬಿತ್ತಾ ಅನ್ನೋದರಲ್ಲಿ.

ಕೊಳ್ಳುವಾಗ ಕೇಳಬೇಕಾದ್ದು

ಮುಂಬೈನ ಚೋರ್ ಬಜಾರ್, ಹೈದರಾಬಾದಿನ ಜುಮೆರಾತ್ ಬಜಾರ್, ದೆಹಲಿಯ ಅಮರ್ ಕಾಲೊನಿ, ಎಲ್ಲೇ ಹೋಗಿ, ಮೂರು ವಿಷಯ ನೆನಪಿರಲಿ.

ಮೊದಲನೇದು, ತುಂಡನ್ನೇ ಓದಿ. ನಿಜವಾಗಿ ಮನೆಯಿಂದ ಬಂದ ಕಂಬದ ತುದಿಯಲ್ಲಿ ಜೋಡಣೆಯ ಕೂರು ಅಥವಾ ತೂತು ಇರುತ್ತೆ. ಬಾಗಿಲಿನಲ್ಲಿ ಅಗುಳಿ, ಚಿಲಕ ತಿರುಗಿ ತಿರುಗಿ ಸವೆದ ಗುರುತು ಇರುತ್ತೆ. ಎಲ್ಲಾ ಕಡೆ ಒಂದೇ ಸಮ ಸವೆದಿದ್ದರೆ ಅನುಮಾನ ಪಡಿ. ಹಳೇ ಬಣ್ಣ ಇದ್ದರೆ ಅದರಲ್ಲಿ ಸೀಸ ಇರಬಹುದು, ಚಿಕ್ಕ ಮಕ್ಕಳಿರೋ ಮನೆಯೊಳಗೆ ಉಜ್ಜಿಸಬೇಡಿ.

ಎರಡನೇದು, ಕಾನೂನು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಕಲಾಕುಸುರಿಯ ವಸ್ತುಗಳು ಪುರಾತನ ವಸ್ತು ಆಗಬಹುದು. ಅಂಥವನ್ನು ಮಾರೋ ವ್ಯಾಪಾರಿಗೆ ಪರವಾನಗಿ ಬೇಕು, ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಒಯ್ಯೋ ಹಾಗಿಲ್ಲ. ಅಂದರೆ "ನೂರೈವತ್ತು ವರ್ಷ ಹಳೇದು ಸರ್" ಅನ್ನೋದು ಬರೀ ವ್ಯಾಪಾರದ ಮಾತಲ್ಲ, ಕಾಗದ ಕೇಳೋಕೆ ನಿಮಗೆ ಸಿಕ್ಕ ಕಾರಣ. ದೇವರ ಮೂರ್ತಿ, ರಥದ ತುಂಡು, ಗುಡಿಯ ಬಾಗಿಲು ಅಂತ ಗೊತ್ತಾದರೆ ಕಾಗದವಿಲ್ಲದೆ ಕೈ ಹಾಕಲೇಬೇಡಿ. ಆನ್‌ಸೈಟ್ ಹೋಗುವಾಗ ಸಾಮಾನಿನ ಜೊತೆ ಕಳಿಸೋ ಯೋಚನೆಯಂತೂ ಬೇಡ.

ಮೂರನೇದು, ಊರು ಕೇಳಿ. ಮಂಗಳೂರು ಹಂಚನ್ನು ತಿರುಗಿಸಿ ನೋಡಿದರೆ ಕಾರ್ಖಾನೆಯ ಹೆಸರಿರುತ್ತೆ. ಜೆಪ್ಪುವಿನಲ್ಲಿ ಶುರುವಾದ ಬಾಸೆಲ್ ಮಿಷನ್ ಹಂಚಿನ ಮೇಲೆ 1865 ಅನ್ನೋ ಇಸವಿಯೂ ಇರುತ್ತೆ. ಕಂಬಕ್ಕೆ ಆ ಭಾಗ್ಯವಿಲ್ಲ. ಅಂಗಡಿ ದಾಟೋವಾಗಲೇ ಅದರ ಊರು ಅಳಿಸಿಹೋಗುತ್ತೆ, ಎಲ್ಲಾ ಕಾಮಿಟ್ ಹಿಸ್ಟರಿ ಅಳಿಸಿ ಬರೀ ಕೊನೆಯ ಫೈಲ್ ಕೊಟ್ಟ ಹಾಗೆ. ಯಾವ ಊರು, ಯಾವ ಬಗೆಯ ಮನೆ, ಯಾವ ವರ್ಷ ಬಿಚ್ಚಿದ್ದು, ಇಷ್ಟು ಕೇಳಿ. ಸಿಕ್ಕಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕಂಬದ ಹಿಂಬದಿಗೆ ಅಂಟಿಸಿ. ನಿಮ್ಮ ಮಕ್ಕಳು ಅದನ್ನು ಇನ್ನೊಬ್ಬರಿಗೆ ಕೊಡೋ ಕಾಲ ಬಂದೇ ಬರುತ್ತೆ.

ಈಗ ನಮ್ಮ ಸರದಿ

ಚೆಟ್ಟಿಯಾರರ ಕಥೆಯನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಊರು ಬಿಟ್ಟು ದುಡಿಯೋಕೆ ಹೋದವರು, ಊರಲ್ಲಿ ಬೀಗ ಬಿದ್ದ ಮನೆ, ಊರೂರಿಗೆ ಚದುರಿದ ಪಾಲುದಾರರು. ಹೆಸರು ಬದಲಿಸಿ ನೋಡಿ, ನಮ್ಮಲ್ಲಿ ಎಷ್ಟು ಜನರ ಕಥೆ ಇದಲ್ಲ? ಅಜ್ಜ ಕಟ್ಟಿದ ತೊಟ್ಟಿ ಮನೆಯೋ ಮಲೆನಾಡಿನ ಹಂಚಿನ ಮನೆಯೋ ಅರಮನೆಯೇನೂ ಅಲ್ಲದಿರಬಹುದು. ಆದರೆ ಅದರಲ್ಲೂ ಹೊಸ್ತಿಲಿದೆ, ಕಂಬ ಇದೆ, ತೊಲೆ ಇದೆ. ದೊಡ್ಡಪ್ಪನ ಮಕ್ಕಳು ಒಂದು ಕಡೆ, ಅತ್ತೆಯ ಮಕ್ಕಳು ಇನ್ನೊಂದು ಕಡೆ. ಒಂದು ದಿನ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ "ಕಾಂಟ್ರಾಕ್ಟರ್ ಇಡೀ ಮನೆಗೆ ಇಷ್ಟು ಕೊಡ್ತಾನಂತೆ, ಎಲ್ರೂ ಸಹಿ ಹಾಕಿ" ಅಂತ ಮೆಸೇಜ್ ಬರುತ್ತೆ. ನಾವು ಮೀಟಿಂಗ್ ನಡುವೆ ಹೆಬ್ಬೆರಳಿನ ಗುರುತು ಹಾಕಿ ಮುಂದೆ ಹೋಗ್ತೀವಿ.

ಮನೆ ಉಳಿಸೋಕೆ ಎಲ್ಲರಿಂದಲೂ ಆಗಲ್ಲ, ಆಗಬೇಕು ಅಂತಲೂ ನಾನು ಹೇಳಲ್ಲ. ಖರ್ಚು ನಿಜ, ದೂರ ನಿಜ, ಪಾಲಿನ ಜಗಳವೂ ನಿಜ. ಆದರೆ ಆ ಮೆಸೇಜ್ ಬರೋದಕ್ಕೆ ಮುಂಚೆ ಒಂದು ರಜೆಯಲ್ಲಿ ಮಾಡಬಹುದಾದ ಕೆಲಸ ಇದೆ. ಟೇಪು ಹಿಡಿದು ಕೋಣೆಕೋಣೆಯ ಅಳತೆ ಬರೆಯಿರಿ, ನಕ್ಷೆ ಹಾಕಿ. ಪ್ರತಿ ಕಂಬ, ಬಾಗಿಲು, ತೊಲೆಗೆ ಸೀಮೆಸುಣ್ಣದಲ್ಲಿ ನಂಬರ್ ಹಾಕಿ ಫೋಟೋ ತೆಗೆಯಿರಿ. ಮರ ಯಾವುದು, ಎಲ್ಲಿಂದ ಬಂತು, ಕೆತ್ತಿದ ಆಚಾರಿ ಯಾವೂರಿನವರು ಅಂತ ಮನೆಯಲ್ಲಿ ಉಳಿದಿರೋ ಹಿರಿಯರನ್ನು ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಬಿಚ್ಚಲೇಬೇಕಾಗಿ ಬಂದರೆ ಜೆಸಿಬಿ ಬರೋ ಮುಂಚೆ ಮರಗೆಲಸದವರು ಬರಲಿ, ಬೆಣೆ ತೆಗೆದು ಇಳಿಸಲಿ. ಪಾಲುದಾರರು ಒಬ್ಬೊಬ್ಬರು ಒಂದೊಂದು ತುಂಡು ಒಯ್ಯಲಿ, ಇನ್ನುಳಿದದ್ದು ನಂಬರ್ ಸಮೇತ ಮಾರಾಟಕ್ಕೆ ಹೋಗಲಿ.

ಆಗ ಎಲ್ಲೋ ಒಂದು ಊರಿನ ಫ್ಲಾಟಿನಲ್ಲಿ ಯಾರೋ "ಈ ಕಂಬ ಎಲ್ಲಿಯದು?" ಅಂತ ಕೇಳಿದರೆ ಹೇಳೋಕೆ ಒಂದು ಊರಿನ ಹೆಸರಾದರೂ ಇರುತ್ತೆ.